ನೀಲಕುರಿಂಜಿ

ಹುಲಸೂರಿನ ಕಡೆಯ ಬಯಲಿನಲ್ಲಿ ತಂಗಡಿ ಗಿಡವು ಪ್ರತಿವರ್ಷವೂ ಹಳದಿ ಹೂಗಳನ್ನು ತಳೆಯುತ್ತದೆ. ಪಶ್ಚಿಮಘಟ್ಟದ ನೀಲಕುರಿಂಜಿ ಹಾಗಲ್ಲ; ಅದು ಅರಳುವುದು ಸಾಮಾನ್ಯವಾಗಿ 12 ವರ್ಷಗಳಿಗೊಮ್ಮೆ. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ ಹುಲ್ಲು ಬೆಳೆದ ಇಳಿಜಾರುಗಳೇ ಈ ಪೊದೆಯ ನೆಲೆ. 2022ರ ಮಳೆಗಾಲ ಮುಗಿಯುವ ವೇಳೆಗೆ ಅಲ್ಲಿನ ಗಿರಿಗಳು ನೀಲಿಯನ್ನು ಹೊದ್ದು ನಿಂತಿದ್ದವು. ಈ ಲೆಕ್ಕದಂತೆ ಅಲ್ಲಿ ಮುಂದಿನ ಹೂಸುಗ್ಗಿ 2034ರ ಸುಮಾರಿಗೆ.

ಒಮ್ಮೆ ಹೂಬಿಟ್ಟು ಬೀಜ ಕಟ್ಟಿದ ಮೇಲೆ ಕುರಿಂಜಿ ಒಣಗಿ ಸಾಯುತ್ತದೆ. ನೆಲಕ್ಕುದುರಿದ ಬೀಜದಿಂದಲೇ ಮುಂದಿನ ಪೀಳಿಗೆ ಹುಟ್ಟಬೇಕು. ತಂಗಡಿಯ ಟೊಂಗೆ ಮುರಿದರೆ ಅದು ಮತ್ತೆ ಚಿಗುರೀತು. ಕುರಿಂಜಿಯ ಹೂಗೊಂಚಲನ್ನು ಕಿತ್ತರೆ ಬೀಜವೂ ಅದರೊಡನೆ ಹೋಯಿತು. ಆದುದರಿಂದ ನೋಡಹೋದವರು ಕಾಲುದಾರಿಯನ್ನು ಬಿಡದೆ, ಕಣ್ತುಂಬ ಕಂಡು, ಬರಿಗೈಯಲ್ಲಿ ಹಿಂದಿರುಗುವುದೇ ಉಚಿತ.