ಕೊಟ್ಟಿಗೆ ಗ್ಯಾರೇಜ್ ಆಗುವ ಮೊದಲು: ಹಳೆಯ ವೈರಿಂಗ್ ಪರೀಕ್ಷೆ

ಮಸಗುಪ್ಪಿಯಲ್ಲಿ ನಮ್ಮ ಮನೆಯ ಹಿಂದೆ ಒಂದು ದನದ ಕೊಟ್ಟಿಗೆ ಇದೆ. ಎಮ್ಮೆಗಳನ್ನು ಮಾರಿದ ಮೇಲೆ ಅದು ಖಾಲಿ ಬಿದ್ದಿತ್ತು. ಗೋಕಾಕದಲ್ಲಿ ಬೇರೆಯವರ ಗ್ಯಾರೇಜಿನಲ್ಲಿ ಆರು ವರ್ಷ ದುಡಿದು ಬೈಕ್ ರಿಪೇರಿ ಕಲಿತ ನನ್ನ ಅಣ್ಣ, ಅದೇ ಕೊಟ್ಟಿಗೆಯಲ್ಲಿ ಸ್ವಂತ ಗ್ಯಾರೇಜ್ ಹಾಕುವುದೆಂದು ತೀರ್ಮಾನಿಸಿದ. ಕಂಪ್ರೆಸರ್ ತರಲು ಹಣವನ್ನೂ ಕೂಡಿಟ್ಟಿದ್ದ. ವೈರಿಂಗ್ ಬಗ್ಗೆ ಕೇಳಿದರೆ, "ಅಲ್ಲೇ ಬಲ್ಬ್ ಐತಲ್ಲ, ಅದರಿಂದ ಎರಡು ಪ್ಲಗ್ ಎಳದ್ರಾತು" ಅಂದ.

ಆಗ ಅಮ್ಮಿ ಒಂದು ಮಾತು ಹೇಳಿದರು: "ಮಳೆಗಾಲದಾಗ ಆ ತಗಡಿನ ಬಾಗಿಲ ಮುಟ್ಟಿದ್ರ ಕೈ ಜುಮ್ ಅಂತದ." ಈ ಮಾತನ್ನು ಅವರು ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ನಾವು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಭೌತಶಾಸ್ತ್ರದಲ್ಲಿ ವಿದ್ಯುತ್ ಪ್ರವಾಹದ ಪಾಠ ಅದೇ ವಾರ ಮುಗಿದಿತ್ತು. ಆ 'ಜುಮ್' ಎಂದರೆ ಏನು ಎಂದು ಮೊದಲ ಬಾರಿ ಯೋಚಿಸಿದೆ. ನಮ್ಮಲ್ಲಿ ಅನೇಕರ ಮನೆಗಳ ವೈರಿಂಗ್ ನಮಗಿಂತ ಹಳೆಯದು. ಅಂಗಡಿ, ಹಿಟ್ಟಿನ ಗಿರಣಿ, ಗ್ಯಾರೇಜ್ ಎಂದು ಅದರ ಮೇಲೆ ಹೊಸ ಭಾರ ಹಾಕುವವರೂ ಇದ್ದಾರೆ. ಆದ್ದರಿಂದ ನಾನು ಕಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಣ್ಣಿನ ಪರೀಕ್ಷೆ

ಅಬ್ಬಾ ಪರವಾನಗಿ ಇರುವ ಒಬ್ಬ ವೈರ್‌ಮನ್ ಕಾಕಾನನ್ನು ಕರೆಸಿದರು. ಕಾಕಾ ಬಂದವರೇ ಯಾವ ಉಪಕರಣವನ್ನೂ ಹೊರತೆಗೆಯಲಿಲ್ಲ. ಕಾಲು ಗಂಟೆ ಬರೀ ನೋಡಿದರು. ಅವರು ತೋರಿಸಿದ್ದು ಇಷ್ಟು:

1. ವೈರ್ ಕಟ್ಟಿಗೆಯ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದದ್ದು. ಮೇಲಿನ ರಬ್ಬರ್ ಹೊದಿಕೆ ಒಣಗಿ ಬಿರುಕು ಬಿಟ್ಟಿತ್ತು. ತಗಡಿನ ಅಂಚು ತಾಗುವ ಕಡೆ ಅದು ಸವೆದೇ ಹೋಗಿತ್ತು.

2. ಒಳಗಿನ ತಂತಿ ಅಲ್ಯುಮಿನಿಯಂ. ಅದಕ್ಕೆ ನಡುವೆ ಯಾರೋ ತಾಮ್ರದ ವೈರ್ ತಿರುಚಿ ಟೇಪ್ ಸುತ್ತಿದ್ದರು. ಈ ಎರಡು ಲೋಹಗಳನ್ನು ನೇರವಾಗಿ ಜೋಡಿಸಿದರೆ ತೇವದಲ್ಲಿ ಜೋಡಣೆ ಸವೆದು ಸಡಿಲವಾಗುತ್ತದೆ, ಬಿಸಿಯಾಗುತ್ತದೆ. ಆ ಟೇಪು ಕಪ್ಪಾಗಿತ್ತು.

3. ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸಿನಲ್ಲಿ ಫ್ಯೂಸ್ ತಂತಿಯೇ ಇರಲಿಲ್ಲ. ಪದೇ ಪದೇ ಹೋಗುತ್ತದೆ ಎಂದು ದಪ್ಪ ತಾಮ್ರದ ಎಳೆ ಹಾಕಲಾಗಿತ್ತು. "ಇದು ಫ್ಯೂಸ್ ಅಲ್ಲವ್ವಾ, ಬರೇ ಜೋಡಣಿ" ಎಂದರು ಕಾಕಾ. ಕರಗಬೇಕಾದದ್ದು ಕರಗದಿದ್ದರೆ ವೈರೇ ಸುಡುತ್ತದೆ.

4. ಸ್ವಿಚ್ ನ್ಯೂಟ್ರಲ್ ವೈರಿನ ಮೇಲೆ ಇತ್ತು. ಸ್ವಿಚ್ ಆರಿಸಿದರೆ ಬಲ್ಬ್ ಆರುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬಲ್ಬ್ ಬದಲಿಸುವವರಿಗೆ ಇದು ಗೊತ್ತಾಗುವುದಿಲ್ಲ.

5. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ಕಡೆಯ ನದಿದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಮಗೆಲ್ಲ ನೆನಪಿದೆ. ಕೊಟ್ಟಿಗೆಯ ಗೋಡೆಯ ಮೇಲೆ ಆ ನೀರಿನ ಗೆರೆ ಇನ್ನೂ ಇದೆ. ಪ್ಲಗ್ಗಿನ ಡಬ್ಬಿ ಆ ಗೆರೆಗಿಂತ ಕೆಳಗಿತ್ತು.

ಈ ಪರೀಕ್ಷೆಯನ್ನು ನಾವೂ ಮಾಡಬಹುದು, ಆದರೆ ಕೈಯಿಂದಲ್ಲ, ಕಣ್ಣಿನಿಂದ ಮಾತ್ರ. ಕಪ್ಪಾದ ಪ್ಲಗ್, ಸುಟ್ಟ ವಾಸನೆ, ಬೆಚ್ಚಗಾಗುವ ಸ್ವಿಚ್ ಬೋರ್ಡ್, ಮೋಟರ್ ಚಾಲೂ ಆದಾಗ ಮಂಕಾಗುವ ದೀಪ, ಇವೆಲ್ಲ ಎಚ್ಚರಿಕೆಯ ಗುರುತುಗಳು. ಟೆಸ್ಟರ್ ಹತ್ತಲಿಲ್ಲ ಎಂದ ಮಾತ್ರಕ್ಕೆ ಕರೆಂಟ್ ಇಲ್ಲ ಎಂದು ನಂಬಿ ಮುಟ್ಟಬಾರದು. ಟೆಸ್ಟರಿನ ದೀಪವೂ ಕೆಡುತ್ತದೆ.

ಭಾರದ ಲೆಕ್ಕ

ಆ ರಾತ್ರಿ ಅಣ್ಣನ ಜೊತೆ ಕುಳಿತು ಲೆಕ್ಕ ಮಾಡಿದೆ. ಒಂದು ಹಾರ್ಸ್‌ಪವರ್ ಎಂದರೆ 746 ವ್ಯಾಟ್. ಆದರೆ ಮೋಟರಿನಲ್ಲಿ ಒಂದಿಷ್ಟು ನಷ್ಟ ಇರುವುದರಿಂದ ಒಂದು ಹಾರ್ಸ್‌ಪವರ್ ಕಂಪ್ರೆಸರ್ ಲೈನಿನಿಂದ ಸುಮಾರು 1,100 ವ್ಯಾಟ್ ಎಳೆಯುತ್ತದೆ. ಗ್ರೈಂಡರ್ 500, ಬ್ಯಾಟರಿ ಚಾರ್ಜರ್ 300, ದೀಪ ಮತ್ತು ಫ್ಯಾನ್ 150. ಎಲ್ಲ ಒಟ್ಟಿಗೆ ನಡೆದರೆ 2,050 ವ್ಯಾಟ್. 230 ವೋಲ್ಟ್‌ನಲ್ಲಿ ಇದು 9 ಆಂಪಿಯರ್ ಸಮೀಪ. ಮೋಟರಿನ ಪವರ್ ಫ್ಯಾಕ್ಟರ್ ಸೇರಿಸಿದರೆ 12 ಆಂಪಿಯರ್ ಎಂದು ಹಿಡಿಯುವುದು ಕ್ಷೇಮ.

ಮನೆಯ ಬೋರ್ಡಿನಿಂದ ಕೊಟ್ಟಿಗೆಗೆ 20 ಮೀಟರ್. ಕರೆಂಟ್ ಹೋಗಿ ಬರಬೇಕಾದ್ದರಿಂದ ವೈರಿನ ಉದ್ದ 40 ಮೀಟರ್. ಹಳೆಯದು 1.5 ಚದರ ಮಿಲಿಮೀಟರಿನ ಅಲ್ಯುಮಿನಿಯಂ ತಂತಿ. ಪಠ್ಯದಲ್ಲಿರುವ ರೋಧಶೀಲತೆಯ ಸೂತ್ರದಿಂದ ಅದರ ರೋಧ ಸುಮಾರು 0.75 ಓಮ್ ಬರುತ್ತದೆ. ಈಗ ಜೂಲನ ನಿಯಮ ನೆನಪಿಸಿಕೊಳ್ಳಿ. ವೈರಿನಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಂದು ಆಂಪಿಯರ್ ಹರಿದಾಗ ಇಡೀ ವೈರಿನಲ್ಲಿ ಮುಕ್ಕಾಲು ವ್ಯಾಟ್ ಶಾಖ. 12 ಆಂಪಿಯರ್ ಹರಿದರೆ 144 ಪಟ್ಟು, ಅಂದರೆ 108 ವ್ಯಾಟ್. ಸಡಿಲ ಜೋಡಣೆ ಇದ್ದಲ್ಲಿ ಶಾಖ ಒಂದೇ ಜಾಗದಲ್ಲಿ ಕೂಡುತ್ತದೆ. ಆ ಜೋಡಣೆಯ ರೋಧ ಬರೀ ಅರ್ಧ ಓಮ್ ಇದ್ದರೂ ಬೆರಳಿನ ಗಾತ್ರದ ಜಾಗದಲ್ಲಿ 72 ವ್ಯಾಟ್ ಹುಟ್ಟುತ್ತದೆ. ಪೆಟ್ರೋಲ್ ಆವಿ ಇರುವ ಗ್ಯಾರೇಜಿನ ಮಾಡಿನಡಿ ಇಂಥ ಜಾಗ ಇರುವುದು ಎಂಥ ಅಪಾಯ ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟು ವರ್ಷ ಆ ವೈರಿಗೆ ಏನೂ ಆಗಲಿಲ್ಲವಲ್ಲ ಎಂಬ ಅಣ್ಣನ ಪ್ರಶ್ನೆಗೆ ಇದೇ ಉತ್ತರ. ಇಷ್ಟು ವರ್ಷ ಅದು ಹೊತ್ತದ್ದು ಒಂದು ಬಲ್ಬ್ ಮಾತ್ರ.

ಮೆಗ್ಗರ್ ಹೇಳಿದ್ದು

ಮರುದಿನ ಕಾಕಾ ಮೇನ್ ಸ್ವಿಚ್ ಆರಿಸಿ, ಬಲ್ಬುಗಳನ್ನೂ ಪ್ಲಗ್ಗುಗಳನ್ನೂ ತೆಗೆಸಿ, ಮೆಗ್ಗರ್ ಹಚ್ಚಿದರು. ಇದು 500 ವೋಲ್ಟ್ ಏಕಮುಖ ಒತ್ತಡ ಕೊಟ್ಟು ವೈರಿನ ಹೊದಿಕೆಯ ರೋಧ ಅಳೆಯುವ ಉಪಕರಣ. ರೋಧ ಕನಿಷ್ಠ 1 ಮೆಗಾ ಓಮ್ ಇರಬೇಕು. ಒಳ್ಳೆಯ ಹೊಸ ವೈರಿಂಗಿನಲ್ಲಿ ಅದರ ಎಷ್ಟೋ ಪಟ್ಟು ಬರುತ್ತದೆ. ನಮ್ಮ ಕೊಟ್ಟಿಗೆಯದು 0.2 ಮೆಗಾ ಓಮ್ ತೋರಿಸಿತು.

230 ವೋಲ್ಟನ್ನು ಎರಡು ಲಕ್ಷ ಓಮ್‌ನಿಂದ ಭಾಗಿಸಿದೆ. ಒಂದು ಮಿಲಿ ಆಂಪಿಯರಿಗಿಂತ ತುಸು ಹೆಚ್ಚು ಬಂತು. ಮನುಷ್ಯನ ಕೈಗೆ 'ಜುಮ್' ಎಂದು ತಿಳಿಯುವುದೂ ಹೆಚ್ಚುಕಡಿಮೆ ಅಷ್ಟೇ ಕರೆಂಟಿಗೆ. ಅಮ್ಮಿ ಇಷ್ಟು ವರ್ಷ ಹೇಳಿದ್ದು ಸರಿಯಾದ ಅಳತೆಯೇ ಆಗಿತ್ತು. ಈ ಕರೆಂಟ್ ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಸ್ನಾಯು ಬಿಗಿದು ಹಿಡಿದ ಕೈ ಬಿಡಲಾಗುವುದಿಲ್ಲ. 30 ದಾಟಿ ಹರಿಯುತ್ತಲೇ ಇದ್ದರೆ ಜೀವಕ್ಕೇ ಕುತ್ತು. ಹೊದಿಕೆ ಇನ್ನಷ್ಟು ಕೆಟ್ಟಿದ್ದರೆ ಅಲ್ಲಿಗೆ ತಲುಪಲು ಹೆಚ್ಚು ದಿನ ಬೇಕಿರಲಿಲ್ಲ.

ಅರ್ಥಿಂಗ್: ಹಸಿರು ವೈರ್ ಎಲ್ಲಿಗೆ ಹೋಗುತ್ತದೆ?

ಪ್ಲಗ್ಗಿನಲ್ಲಿ ಮೂರು ತೂತು ಇದ್ದವು. ಕಾಕಾ ಡಬ್ಬಿ ಬಿಚ್ಚಿ, "ಈ ಹಸರ ವೈರ್ ಎಲ್ಲಿಗೂ ಹೋಗಿಲ್ಲ ನೋಡ ತಂಗಿ" ಎಂದರು. ಗೋಡೆಯೊಳಗೆ ಅದನ್ನು ಕತ್ತರಿಸಿ ಬಿಡಲಾಗಿತ್ತು. ಮನೆಯ ಅರ್ಥಿಂಗ್ ಗುಂಡಿಯನ್ನೂ ಅಳೆದರು. 46 ಓಮ್ ಬಂತು. ನಮ್ಮ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ಥಿಂಗ್ ಪೈಪಿನ ಸುತ್ತಲ ಮಣ್ಣು ಪೈಪನ್ನು ಬಿಟ್ಟುಕೊಡುತ್ತದೆ. ಆ ಗುಂಡಿಗೆ ನಾವು ಎಂದೂ ನೀರು ಹಾಕಿರಲಿಲ್ಲ.

46 ಓಮ್ ಇದ್ದರೇನಾಯಿತು? ಯಂತ್ರದ ಕಬ್ಬಿಣದ ಮೈಗೆ ಫೇಸ್ ತಾಗಿದರೆ ಭೂಮಿಗೆ ಹರಿಯುವ ಕರೆಂಟ್ 230 ಭಾಗಿಸು 46, ಅಂದರೆ 5 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಇದು ಮಾಮೂಲು ಭಾರ, ಅದು ಬೀಳುವುದೇ ಇಲ್ಲ. ಯಂತ್ರದ ಮೈ ಮಾತ್ರ ಹೆಚ್ಚುಕಡಿಮೆ ಪೂರ್ತಿ 230 ವೋಲ್ಟ್‌ನಲ್ಲಿ ಯಾರಾದರೂ ಮುಟ್ಟುವವರೆಗೆ ಕಾಯುತ್ತಿರುತ್ತದೆ.

ಎಂಸಿಬಿ ಇದ್ದರೆ ಸಾಕು ಎಂದು ನಾನೂ ತಿಳಿದಿದ್ದೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯಲು ಆರ್‌ಸಿಸಿಬಿ ಬೇಕು. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ಮರಳಿತೇ ಎಂದು ಅದು ಸದಾ ಹೋಲಿಸುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಆದರೆ ಹೆಚ್ಚಿನ ಭಾರವನ್ನು ಅದು ತಡೆಯುವುದಿಲ್ಲ. ಹಾಗಾಗಿ ಎರಡೂ ಬೇಕು, ಅರ್ಥಿಂಗೂ ಬೇಕು.

ಇಲ್ಲಿಯೇ ಇನ್ನೊಂದು ಮಾತು. ನ್ಯೂಟ್ರಲ್ ಬಿಟ್ಟು, ಫೇಸ್ ಮತ್ತು ಅರ್ಥಿಂಗ್ ಮೇಲೆ ದೀಪ ಹಚ್ಚುವ ರೂಢಿ ಹಳ್ಳಿಗಳಲ್ಲಿ ಇದೆ. ಇದು ಅತ್ಯಂತ ಅಪಾಯದ ಕೆಲಸ. ಅರ್ಥಿಂಗ್ ವೈರ್ ಎಲ್ಲೋ ಕಡಿದರೆ ಅದಕ್ಕೆ ಜೋಡಿಸಿದ ಎಲ್ಲ ಯಂತ್ರಗಳ ಮೈಗೂ ಕರೆಂಟ್ ಬರುತ್ತದೆ.

ಏನು ಮಾಡಿದೆವು

ಹಳೆಯ ವೈರಿಂಗನ್ನು ಕಾಕಾ ಪೂರ್ತಿ ಕಡಿದು ತೆಗೆದರು. ಮೀಟರ್ ಬೋರ್ಡಿನಿಂದ ಕೊಟ್ಟಿಗೆಗೆ 4 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಪೈಪಿನಲ್ಲಿ ಪ್ರತ್ಯೇಕವಾಗಿ ಎಳೆದರು. ಮೊದಲಿನ 108 ವ್ಯಾಟ್ ಶಾಖ ಈಗ ಸುಮಾರು 25ಕ್ಕೆ ಇಳಿಯಿತು. 20 ಆಂಪಿಯರ್ ಎಂಸಿಬಿ, 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಹೊಸ ಅರ್ಥಿಂಗ್ ಗುಂಡಿ ಬಂದವು. ಪ್ಲಗ್ಗುಗಳು ನೆರೆಯ ಗೆರೆಗಿಂತ ಮೇಲೆ ಹೋದವು. ಮನೆಯ ಮೀಟರಿನಿಂದ ವ್ಯಾಪಾರ ನಡೆಸುವಂತಿಲ್ಲವಾದ್ದರಿಂದ ಅಬ್ಬಾ ಹೆಸ್ಕಾಂಗೆ ಬೇರೆ ಸಂಪರ್ಕಕ್ಕೆ ಅರ್ಜಿ ಕೊಟ್ಟರು. ಅದು ಮಂಜೂರಾದ ಮೇಲೆಯೇ ಗ್ಯಾರೇಜ್ ತೆರೆದದ್ದು.

ಇದಕ್ಕೆಲ್ಲ ಖರ್ಚಾದದ್ದು ಕಂಪ್ರೆಸರಿನ ಹಣ. ಮೊದಲ ಮೂರು ತಿಂಗಳು ಅಣ್ಣ ಕೈಪಂಪಿನಲ್ಲೇ ಗಾಳಿ ತುಂಬಿದ. ಒಂದು ವಾರ ನನ್ನ ಜೊತೆ ಸರಿಯಾಗಿ ಮಾತೂ ಆಡಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ಅವನು ಬೈಕ್ ತೊಳೆಯುವ ಪಂಪ್ ಹಚ್ಚಿದ. ಹಳೆಯದೆಂದು ಅಗ್ಗಕ್ಕೆ ತಂದದ್ದು. ಹಚ್ಚಿದ ಕೂಡಲೇ ಆರ್‌ಸಿಸಿಬಿ ಬಿತ್ತು. ಬೈಯುತ್ತಾ ಮತ್ತೆ ಎತ್ತಿದ, ಮತ್ತೆ ಬಿತ್ತು. ಮೂರನೆಯ ಸಲ ಎತ್ತಲು ಹೋಗಿ ತನ್ನ ಕಾಲು ನೋಡಿಕೊಂಡ. ಬರಿಗಾಲಲ್ಲಿ ನೀರಿನಲ್ಲಿ ನಿಂತಿದ್ದ. ಆಮೇಲೆ ಕಾಕಾ ಪಂಪ್ ಬಿಚ್ಚಿ ನೋಡಿದರೆ ವೈಂಡಿಂಗ್ ಅದರ ಮೈಗೆ ತಾಗಿತ್ತು.

ಅಂದಿನಿಂದ ಪ್ರತಿ ತಿಂಗಳ ಮೊದಲ ದಿನ ಆರ್‌ಸಿಸಿಬಿಯ 'ಟಿ' ಗುಂಡಿ ಒತ್ತಿ ಪರೀಕ್ಷಿಸುವುದು ಅಣ್ಣನೇ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕುವ ಕೆಲಸ ನನ್ನದು. ಗೆಳೆಯ ಗೆಳತಿಯರೇ, ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಮನೆಯ ಫ್ಯೂಸ್, ಪ್ಲಗ್, ಅರ್ಥಿಂಗ್ ಗುಂಡಿ ಒಮ್ಮೆ ನೋಡಿ. ಬಿಚ್ಚುವ, ಅಳೆಯುವ ಕೆಲಸ ಮಾತ್ರ ಪರವಾನಗಿ ಇರುವವರಿಗೆ ಬಿಡಿ. ಕಂಬದಲ್ಲಿ ಅಥವಾ ಮೀಟರಿನಲ್ಲಿ ತೊಂದರೆ ಕಂಡರೆ 1912ಕ್ಕೆ ಕರೆ ಮಾಡಿ. ಮನೆಯಲ್ಲಿ ಯಾರಾದರೂ "ಕೈ ಜುಮ್ ಅಂತದ" ಎಂದರೆ, ಅದನ್ನು ಅದೇ ದಿನ ನೋಡಿಸಿ.