ಐದೂ ಜಾಗಕ್ಕೆ ಒಬ್ಬ

1983ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ಕಾನ್‌ವೇ ಊರಿನ ಸೆಂಟ್ರಲ್ ಅರ್ಕಾನ್ಸಾ ವಿಶ್ವವಿದ್ಯಾಲಯಕ್ಕೆ ಸ್ಕಾಟಿ ಪಿಪ್ಪನ್ ಎಂಬ ಸಣಕಲು ಹುಡುಗ ಬಂದ. ಕ್ರೀಡಾ ವಿದ್ಯಾರ್ಥಿವೇತನ ಇರಲಿಲ್ಲ. ಯಾವ ಕಾಲೇಜಿನ ಕೋಚೂ ಅವನನ್ನು ಕರೆದಿರಲಿಲ್ಲ. ಹೈಸ್ಕೂಲಿನ ಕೋಚ್ ತಮಗೆ ಪರಿಚಯವಿದ್ದ ಇಲ್ಲಿನ ಕೋಚ್ ಡಾನ್ ಡಯರ್‌ಗೆ ಹೇಳಿ, ಹುಡುಗನಿಗೆ ಬ್ಯಾಸ್ಕೆಟ್‌ಬಾಲ್ ತಂಡದ ಮ್ಯಾನೇಜರ್ ಕೆಲಸ ಕೊಡಿಸಿದ್ದರು. ಹೆಸರಿಗೆ ಮ್ಯಾನೇಜರ್, ಅಷ್ಟೇ. ಆಟಗಾರರ ಟವೆಲ್ಲು, ಬಟ್ಟೆ, ಚೆಂಡುಗಳನ್ನು ನೋಡಿಕೊಳ್ಳುವ ಕೆಲಸ ಅದು. ಅದರಿಂದ ಓದಿನ ಖರ್ಚಿಗೆ ಒಂದಿಷ್ಟು ಆಸರೆಯಾಯಿತು. ಬಿಡುವಾದಾಗ ಅದೇ ಅಂಕಣದಲ್ಲಿ ಚೆಂಡು ಹಿಡಿದು ಆಡಬಹುದಿತ್ತು.

ಹುಡುಗನ ಊರು ಅದೇ ರಾಜ್ಯದ ಹ್ಯಾಂಬರ್ಗ್. ಹನ್ನೆರಡು ಮಕ್ಕಳಲ್ಲಿ ಕೊನೆಯವನು. ತಂದೆ ಪ್ರೆಸ್ಟನ್ ಕಾಗದದ ಕಾರ್ಖಾನೆಯ ಕಾರ್ಮಿಕ. ಮಗ ಹೈಸ್ಕೂಲಿನಲ್ಲಿದ್ದಾಗ ಅವರಿಗೆ ಲಕ್ವ ಹೊಡೆದು ಗಾಲಿಕುರ್ಚಿಯ ಪಾಲಾದರು. ಅದಕ್ಕೂ ಮೊದಲೇ ಅಣ್ಣನೊಬ್ಬ ಶಾಲೆಯಲ್ಲಾದ ಪೆಟ್ಟಿನಿಂದ ಗಾಲಿಕುರ್ಚಿ ಹಿಡಿದಿದ್ದ. ಒಂದು ಮನೆಯಲ್ಲಿ ಎರಡು ಗಾಲಿಕುರ್ಚಿ. ದುಡಿಯುವ ದೇಹ ಯಾವ ಹೊತ್ತಿನಲ್ಲಾದರೂ ಕೈಕೊಡಬಹುದು ಎಂಬ ಭಯ ಈ ಮನುಷ್ಯನನ್ನು ಎಂದೂ ಬಿಟ್ಟಂತೆ ಕಾಣುವುದಿಲ್ಲ. ಮುಂದೆ ಅವರು ಮಾಡಿದ ದೊಡ್ಡ ವ್ಯವಹಾರವೊಂದರ ಬೇರು ಇಲ್ಲೇ ಇದೆ.

ಹೈಸ್ಕೂಲು ಮುಗಿಸಿದಾಗ ಪಿಪ್ಪನ್ ಎತ್ತರ 6 ಅಡಿ 1 ಅಂಗುಲ. ನಮಗೆ ಅದು ಎತ್ತರವೇ. ಆ ಆಟದ ಲೆಕ್ಕದಲ್ಲಿ ಗಿಡ್ಡ. ಆದ್ದರಿಂದಲೇ ಅವರು ಆಡುತ್ತಿದ್ದದ್ದು ಪಾಯಿಂಟ್ ಗಾರ್ಡ್ ಆಗಿ. ಬ್ಯಾಸ್ಕೆಟ್‌ಬಾಲ್ ತಂಡದ ಐವರಿಗೂ ಒಂದೊಂದು ಜಾಗವಿದೆ. ಪಾಯಿಂಟ್ ಗಾರ್ಡ್ ಚೆಂಡನ್ನು ನೆಲಕ್ಕೆ ಪುಟಿಸುತ್ತ ತಂದು ಆಟ ಕಟ್ಟುವವನು, ಸಾಮಾನ್ಯವಾಗಿ ತಂಡದಲ್ಲೇ ಗಿಡ್ಡ. ಅವನ ಪಕ್ಕದಲ್ಲಿ ದೂರದಿಂದ ಗುರಿಯಿಡುವ ಶೂಟಿಂಗ್ ಗಾರ್ಡ್. ಆಮೇಲೆ ಇಬ್ಬರು ಫಾರ್ವರ್ಡ್‌ಗಳು. ಕೊನೆಗೆ ಬುಟ್ಟಿಯ ಕೆಳಗೆ ಗೋಡೆಯಂತೆ ನಿಲ್ಲುವ ಸೆಂಟರ್. ಎತ್ತರದ ಹುಡುಗನನ್ನು ಚಿಕ್ಕಂದಿನಲ್ಲೇ ಬುಟ್ಟಿಯ ಕೆಳಗೆ ನಿಲ್ಲಿಸಿಬಿಡುತ್ತಾರೆ. ಚೆಂಡು ಪುಟಿಸುವುದನ್ನು ಅವನಿಗೆ ಕಲಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಗಿಡ್ಡ ಹುಡುಗ ಪುಟಿಸುವುದು, ಪಾಸು ಕೊಡುವುದು, ಎದುರಾಳಿಯ ಕಾಲಿನ ಸುಳಿವು ಹಿಡಿಯುವುದು ಎಲ್ಲವನ್ನೂ ಕಲಿಯುತ್ತಾನೆ, ಅವನಿಗೆ ಬೇರೆ ದಾರಿಯಿಲ್ಲ.

ಪಿಪ್ಪನ್ ಮೊದಲು ಗಿಡ್ಡನ ವಿದ್ಯೆ ಕಲಿತರು. ಎತ್ತರವಾಗಿದ್ದು ಆಮೇಲೆ. ಕಾಲೇಜಿನ ವರ್ಷಗಳಲ್ಲಿ ಬೆಳೆದು ಬೆಳೆದು 6 ಅಡಿ 8 ಅಂಗುಲ ಮುಟ್ಟಿದರು. ತೋಳುಗಳು ಆ ಎತ್ತರಕ್ಕೂ ಮೀರಿದ ಉದ್ದ. ಚೆಂಡಿನ ಮೇಲಿನ ಹಿಡಿತ ಮಾತ್ರ ಗಾರ್ಡ್‌ನದೇ ಉಳಿಯಿತು. ಅಂಥ ಆಟಗಾರನನ್ನು ಯಾವ ಕೋಚೂ ಯೋಜನೆ ಹಾಕಿ ತಯಾರು ಮಾಡಲಾರ. ಹದಿನೈದನೇ ವಯಸ್ಸಿಗೇ ಆರೂವರೆ ಅಡಿ ಬೆಳೆದಿದ್ದರೆ ಸ್ಕಾಟಿ ಪಿಪ್ಪನ್ ಎಂಬ ಹೆಸರನ್ನು ನಾವು ಕೇಳುತ್ತಿದ್ದೆವೋ ಇಲ್ಲವೋ!

ಕಾಲೇಜಿನ ಕೊನೆಯ ವರ್ಷ ಅವರು ಪಂದ್ಯಕ್ಕೆ ಸರಾಸರಿ 23.6 ಪಾಯಿಂಟ್, 10 ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ಗಳಿಸಿದರು. ಆದರೆ ಆ ವಿಶ್ವವಿದ್ಯಾಲಯ ಆಡುತ್ತಿದ್ದದ್ದು ದೊಡ್ಡ ಕಾಲೇಜುಗಳ ಎನ್‌ಸಿಎಎ ಮೊದಲ ದರ್ಜೆಯಲ್ಲಲ್ಲ, ಸಣ್ಣ ಕಾಲೇಜುಗಳ ಎನ್‌ಎಐಎ ಕೂಟದಲ್ಲಿ. ಟಿವಿ ಅತ್ತ ತಲೆ ಹಾಕುತ್ತಿರಲಿಲ್ಲ. ವೃತ್ತಿಪರ ಲೀಗ್ ಆದ ಎನ್‌ಬಿಎ ಪರವಾಗಿ ಪ್ರತಿಭೆ ಹುಡುಕುತ್ತಿದ್ದ ಮಾರ್ಟಿ ಬ್ಲೇಕ್ ಈ ಹೆಸರನ್ನು ಶಿಕಾಗೊ ಬುಲ್ಸ್‌ನ ಜನರಲ್ ಮ್ಯಾನೇಜರ್ ಜೆರ್ರಿ ಕ್ರೌಸ್ ಕಿವಿಗೆ ಹಾಕಿದರು. ವರ್ಜೀನಿಯಾದ ಪೋರ್ಟ್ಸ್‌ಮತ್‌ನಲ್ಲಿ ನಡೆದ ಪ್ರದರ್ಶನ ಟೂರ್ನಿಯಲ್ಲಿ ಆ ತೋಳುಗಳನ್ನು ಕಂಡ ಮೇಲೆ ಕ್ರೌಸ್‌ಗೆ ನಿದ್ದೆ ಬರಲಿಲ್ಲ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 1987ರ ಡ್ರಾಫ್ಟ್‌ನಲ್ಲಿ ಸಿಯಾಟಲ್ ತಂಡ ಐದನೆಯವರಾಗಿ ಪಿಪ್ಪನ್‌ರನ್ನು ಆರಿಸಿತು, ಎಂಟನೆಯವರಾಗಿ ಬುಲ್ಸ್ ಓಲ್ಡನ್ ಪೋಲಿನೀಸ್‌ರನ್ನು ಆರಿಸಿತು. ಮೊದಲೇ ಮಾತಾಗಿದ್ದಂತೆ ಇಬ್ಬರೂ ಅದಲುಬದಲಾದರು. ಕ್ರೌಸ್ ಮುಂದೆ ಶಿಕಾಗೊದಲ್ಲಿ ಯಾರಿಗೂ ಬೇಡವಾದರು, ಪಿಪ್ಪನ್‌ಗಂತೂ ಆಗದವರಾದರು. ಆ ಒಂದು ದಿನದ ಶ್ರೇಯಸ್ಸನ್ನು ಮಾತ್ರ ಅವರಿಂದ ಕಿತ್ತುಕೊಳ್ಳಲಾಗದು.

ಶಿಕಾಗೊದ ಮೊದಲ ವರ್ಷಗಳು ಸುಗಮವಾಗಿರಲಿಲ್ಲ. ಮೊದಲ ಋತುವಿನಲ್ಲಿ ಬೆಂಚಿನಿಂದ ಎದ್ದು ಬಂದು ಆಡಿ ಗಳಿಸಿದ್ದು ಸರಾಸರಿ 7.9 ಪಾಯಿಂಟ್. ಮರುವರ್ಷ ಬೆನ್ನಿಗೆ ಶಸ್ತ್ರಚಿಕಿತ್ಸೆ. ದಿನವೂ ಅಭ್ಯಾಸದಲ್ಲಿ ಎದುರಾಗುತ್ತಿದ್ದವರು ಮೈಕೆಲ್ ಜೋರ್ಡನ್, ಅದಕ್ಕಿಂತ ಕಠಿಣವಾದ ಪಾಠಶಾಲೆ ಆಗ ಭೂಮಿಯ ಮೇಲಿರಲಿಲ್ಲ. 1990ರ ಮೇ ತಿಂಗಳಲ್ಲಿ, ಪ್ಲೇ ಆಫ್ ನಡುವೆಯೇ, ತಂದೆ ತೀರಿಕೊಂಡರು. ಕೆಲವೇ ವಾರಗಳ ನಂತರ ಡೆಟ್ರಾಯಿಟ್ ಪಿಸ್ಟನ್ಸ್ ಎದುರು ಏಳನೆಯ, ನಿರ್ಣಾಯಕ ಪಂದ್ಯ. ಪಿಪ್ಪನ್‌ಗೆ ಮೈಗ್ರೇನ್ ತಲೆನೋವು ಎದ್ದು ಕಣ್ಣು ಮಂಜಾಯಿತು. ಹತ್ತು ಎಸೆತಗಳಲ್ಲಿ ಒಂದು ಮಾತ್ರ ಬುಟ್ಟಿ ಸೇರಿತು, ಬುಲ್ಸ್ 93-74ರಿಂದ ಸೋತಿತು. ಗಟ್ಟಿ ಪಂದ್ಯ ಬಂದಾಗ ತಲೆನೋವು ಹಿಡಿಯುವವನು ಎಂಬ ಕುಹಕ ಬಹುಕಾಲ ಅವರ ಬೆನ್ನು ಬಿಡಲಿಲ್ಲ.

1989ರಲ್ಲಿ ಫಿಲ್ ಜಾಕ್ಸನ್ ಮುಖ್ಯ ಕೋಚ್ ಆದದ್ದು ಪಿಪ್ಪನ್ ಪಾಲಿಗೆ ದೊಡ್ಡ ತಿರುವು. ಸಹಾಯಕ ಕೋಚ್ ಟೆಕ್ಸ್ ವಿಂಟರ್ ದಶಕಗಳಿಂದ ಪಾಠ ಮಾಡುತ್ತ ಬಂದಿದ್ದ ‘ಟ್ರಯಾಂಗಲ್’ ಪದ್ಧತಿಯನ್ನು ಜಾಕ್ಸನ್ ತಂಡಕ್ಕೆ ಹಿಡಿಸಿದರು. ಅದರಲ್ಲಿ ಚೆಂಡು ಒಬ್ಬನ ಕೈಯಲ್ಲೇ ನಿಲ್ಲುವಂತಿಲ್ಲ. ಮೂವರು ತ್ರಿಕೋನವಾಗಿ ಹರಡಿಕೊಂಡು, ಎದುರಾಳಿ ಎತ್ತ ವಾಲುತ್ತಾನೋ ಅದನ್ನು ನೋಡಿ ಮುಂದಿನ ಪಾಸು ಕೊಡಬೇಕು. ಇದನ್ನು ನಡೆಸಲು ಚೆಂಡು ತರುವ ಚಾಕಚಕ್ಯತೆಯ ಜತೆಗೆ ಎಲ್ಲರ ತಲೆಯ ಮೇಲಿಂದ ಅಂಕಣ ಕಾಣುವ ಎತ್ತರವೂ ಇದ್ದವನು ಸಿಕ್ಕರೆ ಭಾಗ್ಯ. ಎತ್ತರದ ಫಾರ್ವರ್ಡ್ ಕೈಗೆ ಆಟ ಕಟ್ಟುವ ಹೊಣೆ ಕೊಡುವುದನ್ನು 80ರ ದಶಕದಲ್ಲೇ ಮಿಲ್ವಾಕಿ ತಂಡದ ಕೋಚ್ ಡಾನ್ ನೆಲ್ಸನ್, ಪಾಲ್ ಪ್ರೆಸ್ಸಿಯನ್ನು ಇಟ್ಟುಕೊಂಡು ಮಾಡಿ ನೋಡಿದ್ದರು. ‘ಪಾಯಿಂಟ್ ಫಾರ್ವರ್ಡ್’ ಎಂಬ ಮಾತು ಓಡಾಡತೊಡಗಿದ್ದು ಅಲ್ಲಿಂದ. ಪಿಪ್ಪನ್ ಬಂದ ಮೇಲೆ ಅದು ಪ್ರಯೋಗವಾಗಿ ಉಳಿಯಲಿಲ್ಲ, ಚಾಂಪಿಯನ್ ತಂಡದ ನಿತ್ಯದ ನಡೆಯಾಯಿತು. ಚೆಂಡು ತರುವ ಚಾಕರಿ ತಪ್ಪಿದ್ದರಿಂದ ಜೋರ್ಡನ್ ಪಾಯಿಂಟ್ ಗಳಿಸುವ ಕಡೆ ಗಮನವಿಡಬಹುದಾಯಿತು. ಗಾರ್ಡ್ ಜಾಗದಲ್ಲಿ ಜಾನ್ ಪ್ಯಾಕ್ಸನ್‌ರಂಥ ಗುರಿಕಾರನನ್ನು ನಿಲ್ಲಿಸಿಕೊಳ್ಳಲೂ ಸಾಧ್ಯವಾಯಿತು.

ಇಷ್ಟೆಲ್ಲ ಚೆಂಡು ತಮ್ಮ ಕಡೆ ಇದ್ದಾಗಿನ ಮಾತು. ಚೆಂಡು ಎದುರಾಳಿಗೆ ಹೋದ ಕ್ಷಣದಲ್ಲಿ ಪಿಪ್ಪನ್ ಇನ್ನೂ ದೊಡ್ಡ ಆಟಗಾರ. 1991ರ ಫೈನಲ್‌ನ ಮೊದಲ ಪಂದ್ಯವನ್ನು ಲಾಸ್ ಏಂಜಲೀಸ್ ಲೇಕರ್ಸ್ ಶಿಕಾಗೊದಲ್ಲೇ ಗೆದ್ದುಕೊಂಡಿತ್ತು. ಎರಡನೆಯ ಪಂದ್ಯದಲ್ಲಿ ಜೋರ್ಡನ್ ಬೇಗನೆ ಫೌಲ್‌ಗಳಿಗೆ ಸಿಕ್ಕಿಕೊಂಡಾಗ ಮ್ಯಾಜಿಕ್ ಜಾನ್ಸನ್‌ರನ್ನು ಕಾಯುವ ಕೆಲಸ ಪಿಪ್ಪನ್‌ಗೆ ಬಂತು. 6 ಅಡಿ 9 ಅಂಗುಲದ ಮ್ಯಾಜಿಕ್, ಗಿಡ್ಡ ಗಾರ್ಡ್‌ಗಳ ತಲೆಯ ಮೇಲಿಂದ ಪಾಸು ಕೊಡುತ್ತಲೇ ಒಂದು ದಶಕ ಆಳಿದವರು. ಈಗ ಹೆಚ್ಚುಕಡಿಮೆ ಅಷ್ಟೇ ಎತ್ತರದ, ಇನ್ನೂ ಚುರುಕಾದ ತೋಳುಗಳು ಎದುರಿಗೆ ಬಂದು ನಿಂತವು. ಅಂಕಣದ ಆ ತುದಿಯಿಂದಲೇ ಅಟ್ಟಿಸಿಕೊಂಡು ಬರುತ್ತಿದ್ದ ಪಿಪ್ಪನ್‌ರಿಂದ ಮ್ಯಾಜಿಕ್‌ಗೆ ಉಸಿರಾಡಲು ಬಿಡುವಿರಲಿಲ್ಲ. ಅಂದು ಅವರ ಹದಿಮೂರು ಎಸೆತಗಳಲ್ಲಿ ಬುಟ್ಟಿ ಸೇರಿದ್ದು ನಾಲ್ಕು. ಬುಲ್ಸ್ 107-86ರಿಂದ ಗೆದ್ದಿತು, ಮುಂದಿನ ಮೂರನ್ನೂ ಗೆದ್ದು ಮೊದಲ ಬಾರಿ ಚಾಂಪಿಯನ್ ಆಯಿತು. ಐದನೆಯ, ಕೊನೆಯ ಪಂದ್ಯದಲ್ಲಿ ಪಿಪ್ಪನ್ ಗಳಿಕೆ 32 ಪಾಯಿಂಟ್, 13 ರಿಬೌಂಡ್, 7 ಅಸಿಸ್ಟ್ (ಬುಟ್ಟಿಗೆ ದಾರಿಯಾದ ಪಾಸು), 5 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು). ಅಂದು ಜೋರ್ಡನ್‌ಗಿಂತ ಎರಡು ಪಾಯಿಂಟ್ ಹೆಚ್ಚು.

ಆ ಬೇಸಿಗೆಯಲ್ಲೇ ಅವರು ತಮ್ಮ ಬದುಕಿನ ಕೆಟ್ಟ ವ್ಯವಹಾರಕ್ಕೆ ಸಹಿ ಹಾಕಿದರು. 1998ರವರೆಗಿನ ದೀರ್ಘ ಒಪ್ಪಂದ, ಒಟ್ಟು ಹಣ ಅಂದಿಗೆ ದೊಡ್ಡದೇ. ಸಹಿ ಹಾಕಬೇಡ, ಮುಂದೆ ಕಡಿಮೆಯಾದೀತು ಎಂದು ತಾವೇ ಎಚ್ಚರಿಸಿದ್ದಾಗಿ ಬುಲ್ಸ್ ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್ 2020ರ ‘ದಿ ಲಾಸ್ಟ್ ಡಾನ್ಸ್’ ಸಾಕ್ಷ್ಯಚಿತ್ರದಲ್ಲಿ ಹೇಳಿದ್ದಾರೆ. ಎರಡು ಗಾಲಿಕುರ್ಚಿಯ ಮನೆಯಿಂದ ಬಂದವರಿಗೆ ನಾಳೆಯ ಹೆಚ್ಚಿನ ಹಣಕ್ಕಿಂತ ಇಂದಿನ ಖಾತರಿ ದೊಡ್ಡದಾಗಿ ಕಂಡಿತು. ನಾಳೆ ಬಂದೇ ಬಂತು. ಟಿವಿ ಹಣ ಹರಿದು ಎನ್‌ಬಿಎ ಸಂಬಳಗಳು ಗಗನಕ್ಕೇರಿದವು. 1997-98ರಲ್ಲಿ ಜೋರ್ಡನ್ ಸಂಬಳ 3.3 ಕೋಟಿ ಡಾಲರ್ ಇದ್ದಾಗ ಪಿಪ್ಪನ್ ಸಂಬಳ ಸುಮಾರು 28 ಲಕ್ಷ ಡಾಲರ್. ಸ್ವಂತ ತಂಡದಲ್ಲಿ ಆರನೆಯ ಸ್ಥಾನ, ಇಡೀ ಲೀಗ್‌ನಲ್ಲಿ 122ನೆಯದು. ಸಿಟ್ಟಿಗೆದ್ದ ಪಿಪ್ಪನ್ ಕಾಲಿನ ಶಸ್ತ್ರಚಿಕಿತ್ಸೆಯನ್ನು ಬೇಕೆಂದೇ ಮುಂದೂಡಿ, ಆ ಋತುವಿನ ಮೊದಲ ಭಾಗ ಆಡದೇ ಕುಳಿತರು. ಅದನ್ನು ಸಮರ್ಥಿಸಲಾಗದು. ಅವರ ಜಾಗದಲ್ಲಿದ್ದು ನಗುನಗುತ್ತಾ ಆಡುವವರು ಎಷ್ಟು ಮಂದಿ ಸಿಕ್ಕಾರು ಎಂಬ ಪ್ರಶ್ನೆಯೂ ಹಾಗೆಯೇ ಉಳಿಯುತ್ತದೆ.

ಒಪ್ಪಂದ ಮುಗಿಯುವ ಮೊದಲೇ ನಡೆದದ್ದು ಬಹಳ. 1993ರ ಅಕ್ಟೋಬರ್‌ನಲ್ಲಿ, ಸತತ ಮೂರು ಪ್ರಶಸ್ತಿಗಳ ಬೆನ್ನಿಗೆ, ಜೋರ್ಡನ್ ನಿವೃತ್ತಿ ಘೋಷಿಸಿದರು. ಬುಲ್ಸ್ ಕತೆ ಮುಗಿಯಿತು ಎಂದರು ಎಲ್ಲರೂ. ಪಿಪ್ಪನ್ ಮುಂದಾಳುತನದಲ್ಲಿ ಆ ತಂಡ 82ರಲ್ಲಿ 55 ಪಂದ್ಯ ಗೆದ್ದಿತು. ಜೋರ್ಡನ್ ಇದ್ದ ಹಿಂದಿನ ವರ್ಷಕ್ಕಿಂತ ಎರಡೇ ಕಡಿಮೆ. ಶ್ರೇಷ್ಠ ಆಟಗಾರನ ಮತಗಣನೆಯಲ್ಲಿ ಪಿಪ್ಪನ್ ಮೂರನೆಯವರಾದರು.

ಅದೇ ವರ್ಷದ 1.8 ಸೆಕೆಂಡು ಮಾತ್ರ ಅವರ ಹೆಸರಿಗೆ ಅಂಟಿಕೊಂಡಿದೆ. 1994ರ ಮೇ 13, ನ್ಯೂಯಾರ್ಕ್ ನಿಕ್ಸ್ ಎದುರು ಪ್ಲೇ ಆಫ್ ಸರಣಿಯ ಮೂರನೆಯ ಪಂದ್ಯ. ಮೊದಲೆರಡನ್ನು ಬುಲ್ಸ್ ಸೋತಾಗಿತ್ತು. 102-102 ಸಮ, ಗಡಿಯಾರದಲ್ಲಿ ಉಳಿದದ್ದು 1.8 ಸೆಕೆಂಡು. ಕೊನೆಯ ಎಸೆತವನ್ನು ಜಾಕ್ಸನ್ ಕ್ರೊಯೇಷ್ಯಾದ ಟೋನಿ ಕುಕೋಚ್‌ಗೆ ಕೊಟ್ಟರು, ಗೆರೆಯಾಚೆಯಿಂದ ಚೆಂಡು ಒಳಗೆ ಹಾಕುವ ಕೆಲಸವನ್ನು ಪಿಪ್ಪನ್‌ಗೆ. ವರ್ಷವಿಡೀ ತಂಡವನ್ನು ಹೊತ್ತವರು ಬೆಂಚಿನಿಂದ ಏಳಲೇ ಇಲ್ಲ. ಕುಕೋಚ್ ಎಸೆದರು, ಚೆಂಡು ಬುಟ್ಟಿಗೆ ಬಿತ್ತು, ಬುಲ್ಸ್ ಗೆದ್ದಿತು. ಡ್ರೆಸ್ಸಿಂಗ್ ರೂಮಿನಲ್ಲಿ ಹಿರಿಯ ಆಟಗಾರ ಬಿಲ್ ಕಾರ್ಟ್‌ರೈಟ್ ಅತ್ತುಬಿಟ್ಟರು. ಪಿಪ್ಪನ್ ಕ್ಷಮೆ ಕೇಳಿ ಮುಂದಿನ ಪಂದ್ಯದಲ್ಲಿ 25 ಪಾಯಿಂಟ್ ಗಳಿಸಿ ತಂಡವನ್ನು ಗೆಲ್ಲಿಸಿದರೂ ಆ ಕಲೆ ತೊಳೆದುಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಅಂದು ಅವರು ಮಾಡಿದ್ದು ತಪ್ಪು, ಆಣೆಗೂ ತಪ್ಪು. ಆದರೆ ಜೀವಮಾನವೆಲ್ಲ ಇನ್ನೊಬ್ಬರಿಗೆ ಚೆಂಡು ಕೊಟ್ಟವರು ಒಂದೇ ಒಂದು ಸಲ ಕೊಡಲಾರೆ ಎಂದ ಗಳಿಗೆಯನ್ನೇ ಲೋಕ ನೆನಪಿಟ್ಟುಕೊಂಡಿದ್ದು ಸೋಜಿಗ.

ಮರುವರ್ಷ, 1994-95ರಲ್ಲಿ, ಪಿಪ್ಪನ್ ಮಾಡಿದ್ದನ್ನು ಕೊಂಚ ನಿಧಾನವಾಗಿ ನೋಡಬೇಕು. ಪಾಯಿಂಟ್, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಎಂಬ ಐದು ಲೆಕ್ಕಗಳಲ್ಲೂ ಋತುವಿನ ಒಟ್ಟು ಮೊತ್ತದಲ್ಲಿ ತಂಡಕ್ಕೆ ಅವರೇ ಮೊದಲಿಗರು. ರಿಬೌಂಡ್, ಎದುರಾಳಿಯ ಎಸೆತ ತಡೆಯುವ ಬ್ಲಾಕ್ ಸಾಮಾನ್ಯವಾಗಿ ದೈತ್ಯರ ಪಾಲು; ಅಸಿಸ್ಟ್, ಸ್ಟೀಲ್ ಚುರುಕು ಗಾರ್ಡ್‌ಗಳ ಪಾಲು. ಐದನ್ನೂ ಒಬ್ಬನೇ ಬಾಚಿಕೊಂಡರೆ ಆತ ಐವರ ಕೆಲಸ ಮಾಡಿದ ಎಂದೇ ಅರ್ಥ. ಸ್ಟೀಲ್, ಬ್ಲಾಕ್‌ಗಳನ್ನು ಎನ್‌ಬಿಎ ಎಣಿಸತೊಡಗಿದ್ದು 1973-74ರಿಂದ. ಅಲ್ಲಿಂದ ಈಚೆಗೆ ಪಿಪ್ಪನ್‌ಗಿಂತ ಮೊದಲು ಇದನ್ನು ಸಾಧಿಸಿದ್ದವರು ಬಾಸ್ಟನ್‌ನ ಡೇವ್ ಕವೆನ್ಸ್ ಒಬ್ಬರೇ. ಆಮೇಲೆ ಕೆವಿನ್ ಗಾರ್ನೆಟ್, ಲೆಬ್ರಾನ್ ಜೇಮ್ಸ್, ಯಾನಿಸ್ ಆಂಟೆಟೊಕೂಂಪೊ ಅಂಥವರು ಆ ಸಾಲಿಗೆ ಸೇರಿದರು. ಆ ವರ್ಷ ಇಡೀ ಲೀಗ್‌ನಲ್ಲಿ ಪಂದ್ಯಕ್ಕೆ ಅತಿ ಹೆಚ್ಚು ಸ್ಟೀಲ್ ಸರಾಸರಿಯೂ ಪಿಪ್ಪನ್‌ದೇ.

1995ರ ಮಾರ್ಚ್‌ನಲ್ಲಿ ಜೋರ್ಡನ್ ಮರಳಿದರು, ಮುಂದಿನ ಋತುವಿಗೆ ಡೆನ್ನಿಸ್ ರಾಡ್‌ಮನ್ ಬಂದರು. 72 ಗೆಲುವು, 10 ಸೋಲು, ಮತ್ತೆ ಮೂರು ಪ್ರಶಸ್ತಿ. ಈ ಕತೆ ಎಲ್ಲರಿಗೂ ಗೊತ್ತು. ಅದರೊಳಗೆ ಪಿಪ್ಪನ್ ಎಲ್ಲಿದ್ದರು ಎಂಬುದಕ್ಕೆ 1997ರಲ್ಲಿ ಯೂಟಾ ತಂಡದ ಎದುರು ನಡೆದ ಫೈನಲ್‌ನ ಎರಡು ತುಣುಕು ಸಾಕು. ಮೊದಲ ಪಂದ್ಯ ನಡೆದದ್ದು ಭಾನುವಾರ. ಪಂದ್ಯ ಸಮವಾಗಿದ್ದಾಗ ಕೊನೆಯ ಕೆಲವು ಸೆಕೆಂಡುಗಳಲ್ಲಿ ಯೂಟಾದ ಕಾರ್ಲ್ ಮಲೋನ್‌ಗೆ ಎರಡು ಫ್ರೀ ಥ್ರೋ. ಮಲೋನ್ ಅಡ್ಡಹೆಸರು ‘ಮೇಲ್‌ಮ್ಯಾನ್’. ಪಕ್ಕಕ್ಕೆ ಹೋದ ಪಿಪ್ಪನ್, ಭಾನುವಾರ ಅಂಚೆಯವನು ಬಟವಾಡೆ ಮಾಡುವುದಿಲ್ಲ ಎಂದು ಕಿವಿಯಲ್ಲಿ ಊದಿದರು. ಎರಡೂ ತಪ್ಪಿದವು! ಆರನೆಯ ಪಂದ್ಯದಲ್ಲಿ ಸ್ಟೀವ್ ಕೆರ್ ಎಸೆತದಿಂದ ಬುಲ್ಸ್ ಎರಡು ಪಾಯಿಂಟ್ ಮುಂದಾಯಿತು. ಯೂಟಾ ಚೆಂಡು ಒಳಗೆ ಹಾಕುವಾಗ ಪಿಪ್ಪನ್ ತೋಳು ಚಾಚಿ ತಟ್ಟಿದರು, ನೆಲಕ್ಕೆ ಬಿದ್ದೂ ಅದನ್ನು ಕುಕೋಚ್ ಕಡೆ ಉರುಳಿಸಿದರು. ಕುಕೋಚ್ ಬುಟ್ಟಿಗೆ ತುರುಕಿ ಪ್ರಶಸ್ತಿ ಖಚಿತಪಡಿಸಿದರು. ಅಂದಿನ ಸುದ್ದಿಯಲ್ಲಿ ಹೆಸರು ಮಾಡಿದ್ದು ಕೆರ್ ಎಸೆತ.

1998ರ ಬಳಿಕ ತಂಡ ಚದುರಿತು. ಹೂಸ್ಟನ್ ರಾಕೆಟ್ಸ್ ಕಡೆಗೂ ಯೋಗ್ಯ ಬೆಲೆ ಕೊಟ್ಟಿತು: ಐದು ವರ್ಷಕ್ಕೆ 6.7 ಕೋಟಿ ಡಾಲರ್. ಅಲ್ಲಿ ಒಂದೇ ವರ್ಷ, ನಂತರ ಪೋರ್ಟ್‌ಲ್ಯಾಂಡ್. 2000ದಲ್ಲಿ ಲೇಕರ್ಸ್ ಎದುರು ಏಳನೆಯ ಪಂದ್ಯದ ಕೊನೆಯ ಭಾಗದಲ್ಲಿ ಪೋರ್ಟ್‌ಲ್ಯಾಂಡ್ 15 ಪಾಯಿಂಟ್ ಮುನ್ನಡೆ ಕಳೆದುಕೊಂಡು ಸೋತಿತು; ಎದುರು ಬೆಂಚಿನಲ್ಲಿದ್ದ ಕೋಚ್ ಅದೇ ಫಿಲ್ ಜಾಕ್ಸನ್. ಜೋರ್ಡನ್ ಇಲ್ಲದೆ ಒಂದು ಪ್ರಶಸ್ತಿ ಎಂಬ ಆಸೆ ಅಲ್ಲಿಗೆ ಕೈತಪ್ಪಿತು. 2003-04ರಲ್ಲಿ ಬುಲ್ಸ್‌ಗೆ ಮರಳಿ 23 ಪಂದ್ಯ ಆಡಿ ನಿಲ್ಲಿಸಿದರು. 2010ರಲ್ಲಿ ಹಾಲ್ ಆಫ್ ಫೇಮ್ ಸೇರಿದಾಗ ಜತೆಗೆ ವೇದಿಕೆ ಏರಿದವರು ಜೋರ್ಡನ್. ‘ದಿ ಲಾಸ್ಟ್ ಡಾನ್ಸ್’ ಬಂದ ಮೇಲೆ ಆ ಸ್ನೇಹವೂ ಕೆಟ್ಟಿತು. 2021ರ ಆತ್ಮಕಥೆ ‘ಅನ್‌ಗಾರ್ಡೆಡ್’ನಲ್ಲಿ ಪಿಪ್ಪನ್ ತಮ್ಮ ಕಹಿಯನ್ನು ಮುಚ್ಚಿಡಲಿಲ್ಲ. ಕಹಿ ಕೆಲವೆಡೆ ಅತಿಯಾಯಿತು ಎಂದೇ ನನಗನ್ನಿಸುತ್ತದೆ.

ಅವರ ವೃತ್ತಿಜೀವನದ ಸರಾಸರಿ 16.1 ಪಾಯಿಂಟ್. ಅದೊಂದೇ ಅಂಕಿ ನೋಡಿದವರಿಗೆ ಇಷ್ಟೆಲ್ಲ ಮಾತು ಯಾಕೆ ಎನಿಸಬಹುದು. ಇಂದು ಎನ್‌ಬಿಎ ತಂಡಗಳೆಲ್ಲ ಹುಡುಕುವುದು ಉದ್ದ ತೋಳಿನ, ಚೆಂಡು ತರಬಲ್ಲ, ಯಾರನ್ನು ಬೇಕಾದರೂ ಕಾಯಬಲ್ಲ ಆಟಗಾರನನ್ನೇ. ಅಂಥವನಿಗೆ ಈಗ ಕೇಳಿದಷ್ಟು ಬೆಲೆ. 1991ರ ಫೈನಲ್‌ನ ಎರಡನೆಯ ಪಂದ್ಯದ ದೃಶ್ಯ ಎಲ್ಲಾದರೂ ಸಿಕ್ಕರೆ ಒಮ್ಮೆ ಹಾಕಿಕೊಂಡು ನೋಡಿ. ಜೋರ್ಡನ್‌ರನ್ನು ಬಿಡಿ, ಚೆಂಡನ್ನೂ ಬಿಡಿ. 33ನೇ ನಂಬರಿನ ಅಂಗಿ ತೊಟ್ಟವರು ಏನು ಮಾಡುತ್ತಿದ್ದಾರೆ ಎಂಬುದನ್ನಷ್ಟೇ ಗಮನಿಸಿ.