ಟ ಅಲ್ಲ, ಠ: ರಾಗದ ಹೆಸರಲ್ಲಿ ಅಡಗಿರೋ ನಂಬರ್

ಭಾನುವಾರ ರಾತ್ರಿ ಊಟ ಮುಗಿಸಿ ನಾವು ಆರು ಜನ ಆನ್‌ಲೈನ್ ಸೇರ್ತೀವಿ. ಇಬ್ಬರು ಹಾಸ್ಟೆಲ್‌ನಿಂದ, ಉಳಿದವರು ಮನೆಯಿಂದ. ಒಬ್ಬರು ಕರ್ನಾಟಕ ಸಂಗೀತದ ಮೇಲೆ ಐದು ಒಗಟು ಹಾಕಬೇಕು, ಬೇರೆಯವರು ಬಿಡಿಸಬೇಕು. ನಿಯಮ ಎರಡೇ: ಗೂಗಲ್ ಮಾಡಬಾರದು, ಲೆಕ್ಕ ತೋರಿಸದೆ ಬರೀ ಉತ್ತರ ಹೇಳಿದರೆ ಅಂಕ ಇಲ್ಲ. ನಮ್ಮಲ್ಲಿ ಸಂಗೀತ ಕಲಿತವಳು ಒಬ್ಬಳೇ. ಅವಳೂ ಎಂಟು ವರ್ಷ ಕಲಿತು, ಸೆಕೆಂಡ್ ಪಿಯುಸಿಯಲ್ಲಿ ಸಿಇಟಿ ಕೋಚಿಂಗ್ ಅಂತ ಬಿಟ್ಟವಳು. ಉಳಿದ ಐವರಿಗೆ ರಾಗ ಕೇಳಿ ಗುರುತು ಹಿಡಿಯೋದು ಇವತ್ತಿಗೂ ಬರಲ್ಲ.

ಹಾಗಾದ್ರೆ ಒಗಟು ಬಿಡಿಸೋದು ಹೇಗೆ? ಲೆಕ್ಕ ಹಾಕಿ! ಕರ್ನಾಟಕ ಸಂಗೀತದಲ್ಲಿ 72 ಮೇಳಕರ್ತ ರಾಗಗಳಿವೆ. ಪ್ರತಿಯೊಂದರ ನಂಬರ್ ಅದರ ಹೆಸರಲ್ಲೇ ಇದೆ, ನಂಬರ್‌ನಲ್ಲಿ ಅದರ ಸ್ವರಗಳಿವೆ. ಇದನ್ನು ಮೊದಲ ಸಲ ಕೇಳಿದಾಗ ನಾವ್ಯಾರೂ ನಂಬಲಿಲ್ಲ.

ಮೊದಲು 72 ಎಲ್ಲಿಂದ ಬಂತು ಅಂತ ನೋಡೋಣ. ಸ ಮತ್ತು ಪ ಬದಲಾಗಲ್ಲ. ಸ ಮತ್ತು ಮ ನಡುವೆ ನಾಲ್ಕು ಸ್ಥಾನ ಇವೆ, ಅದರಲ್ಲಿ ರಿ, ಗ ಅಂತ ಎರಡನ್ನು ಆರಿಸಬೇಕು. ನಾಲ್ಕರಲ್ಲಿ ಎರಡು ಅಂದ್ರೆ 6 ರೀತಿ. ಪ ಆದಮೇಲೆ ದ, ನಿ ಕಥೆಯೂ ಇದೇ, ಅಲ್ಲೂ 6. ಮಧ್ಯಮದಲ್ಲಿ ಶುದ್ಧ, ಪ್ರತಿ ಅಂತ 2. ಗುಣಿಸಿದರೆ 6 × 6 × 2 = 72. ಪಿಯುಸಿಯ ಕಾಂಬಿನೇಷನ್ಸ್ ಚಾಪ್ಟರ್, ಅಷ್ಟೇ. ಈ ಲೆಕ್ಕವನ್ನು 17ನೇ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ ತನ್ನ ‘ಚತುರ್ದಂಡಿ ಪ್ರಕಾಶಿಕೆ’ಯಲ್ಲಿ ಕೊಟ್ಟ. ಇವತ್ತು ಬಳಕೆಯಲ್ಲಿರೋ, ಕನಕಾಂಗಿಯಿಂದ ರಸಿಕಪ್ರಿಯದವರೆಗಿನ ಹೆಸರುಗಳು ಅವನ ಕಾಲದ ನಂತರ ಬಂದವು.

ಹೆಸರಿನಿಂದ ನಂಬರ್ ತೆಗೆಯೋಕೆ ಕಟಪಯಾದಿ ಅನ್ನೋ ಹಳೇ ಪದ್ಧತಿ ಇದೆ. ವ್ಯಂಜನಗಳಿಗೆ ಹೀಗೆ ಅಂಕಿ ಕೊಡ್ತಾರೆ:

ಕ ಖ ಗ ಘ ಙ ಚ ಛ ಜ ಝ ಞ: 1ರಿಂದ 9, ಕೊನೆಗೆ 0
ಟ ಠ ಡ ಢ ಣ ತ ಥ ದ ಧ ನ: 1ರಿಂದ 9, ಕೊನೆಗೆ 0
ಪ ಫ ಬ ಭ ಮ: 1ರಿಂದ 5
ಯ ರ ಲ ವ ಶ ಷ ಸ ಹ: 1ರಿಂದ 8

ಕ, ಟ, ಪ, ಯ ನಾಲ್ಕೂ 1. ಅದಕ್ಕೇ ಆ ಹೆಸರು. ರಾಗದ ಹೆಸರಿನ ಮೊದಲ ಎರಡು ಅಕ್ಷರ ತಗೊಂಡು, ಸ್ವರಚಿಹ್ನೆ ಬಿಟ್ಟು, ಅಂಕಿ ಬರೆದು ತಿರುಗಿಸಿ. ಮಾಯಾಮಾಳವಗೌಳ: ಮ 5, ಯ 1, ತಿರುಗಿಸಿದರೆ 15. ಸಂಗೀತಕ್ಕೆ ಸೇರಿದ ಮಕ್ಕಳೆಲ್ಲ ಸರಳೆ ವರಸೆ ಹಾಡೋದು ಈ 15ನೇ ಮೇಳದಲ್ಲೇ. ಧೀರಶಂಕರಾಭರಣ: ಧ 9, ರ 2; ಅಂದ್ರೆ 29. ಮೇಚಕಲ್ಯಾಣಿ: ಮ 5, ಚ 6, ಅಂದ್ರೆ 65. ಎಲ್ಲರೂ ‘ಕಲ್ಯಾಣಿ’, ‘ಶಂಕರಾಭರಣ’ ಅಂತಲೇ ಕರೆಯೋ ರಾಗಗಳಿಗೆ ‘ಮೇಚ’, ‘ಧೀರ’ ಅಂಟಿಸಿರೋದು ಈ ಲೆಕ್ಕ ಸರಿಹೋಗಲಿ ಅಂತಲೇ.

ಈಗ ನಮ್ಮ ಜಗಳದ ವಿಷಯ. ಒಂದು ಭಾನುವಾರ ಪ್ರಶ್ನೆ ಬಂತು: ನಟಭೈರವಿ ಎಷ್ಟನೇ ಮೇಳ? ನಾವೆಲ್ಲ ಇಂಗ್ಲಿಷ್ ಮೀಡಿಯಂ. ಆಗ ಚಾಟ್‌ನಲ್ಲಿ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ತಿದ್ವಿ. ಎನ್, ಎ, ಟಿ, ಎ ನೋಡಿ ಒಬ್ಬ ಅದನ್ನು ‘ನತ’ ಅಂತ ಓದಿ 60 ಅಂದ. ಇನ್ನೊಬ್ಬ ‘ನಟ’ ಅಂತ ಓದಿ 10 ಅಂದ. ಸಂಗೀತ ಕಲಿತವಳು 20 ಅಂದಳು. ಲೆಕ್ಕ ತೋರಿಸು ಅಂದ್ವಿ. “ಲೆಕ್ಕ ಗೊತ್ತಿಲ್ಲ, 72 ಹೆಸರೂ ಬಾಯಿಪಾಠ ಮಾಡಿದೀನಿ, ಅದು 20ನೇದೇ” ಅಂದಳು. ನಿಯಮ ನಿಯಮಾನೇ ಅಂತ ನಾವು ಸೊನ್ನೆ ಕೊಟ್ವಿ. “ಎಂಟು ವರ್ಷ ಕಲಿತಿದ್ದಕ್ಕೆ ನಿಮ್ಮ ಹತ್ರ ಅಂಕ ಬೇಡಬೇಕಾ?” ಅಂತ ಕಾಲ್ ಕಟ್ ಮಾಡಿ ಹೋದಳು.

ಕಾಲ್‌ನಲ್ಲಿ ಉಳಿದಿದ್ದವರಲ್ಲಿ ಒಬ್ಬನ ಹಿಂದೆ ಅವನ ಅಜ್ಜಿ ಕೂತಿದ್ರು. ಎಲ್ಲ ಕೇಳಿಸಿಕೊಂಡು ಅಂದ್ರು: “ನಟ ಅಲ್ವೋ ಮಗು, ನಠ. ರ ಬರೆದು ಒಳಗೆ ಚುಕ್ಕೆ ಇಡ್ತಾರಲ್ಲ, ಆ ಠ. ಆ ಹುಡುಗಿ ಹೇಳಿದ್ದೇ ಸರಿ.”

ನಠಭೈರವಿ: ನ 0, ಠ 2, ತಿರುಗಿಸಿದರೆ 20. ಹತ್ತು ನಾಟಕಪ್ರಿಯ: ನ 0, ಟ 1. ಅರವತ್ತು ನೀತಿಮತಿ: ನ 0, ತ 6. ಕನ್ನಡದಲ್ಲಿ ಟ, ಠ, ತ ಅಂತ ಮೂರು ಬೇರೆ ಅಕ್ಷರ, ಮೂರು ಬೇರೆ ರಾಗ. ಇಂಗ್ಲಿಷ್ ಅಕ್ಷರದಲ್ಲಿ ಮೂರಕ್ಕೂ ಒಂದೇ ಟಿ. ಪ್ರಶ್ನೆ ಟೈಪ್ ಮಾಡಿದಾಗಲೇ ಉತ್ತರ ಅಳಿಸಿಹೋಗಿತ್ತು. ವರ್ಣಮಾಲೆಯನ್ನು ಪೂರ್ತಿ ಕ್ರಮದಲ್ಲಿ ಹೇಳೋಕೆ ನಮ್ಮಲ್ಲಿ ಮೂವರಿಗೆ ಬರ್ತಿರಲಿಲ್ಲ ಅನ್ನೋದೂ ಅವತ್ತೇ ಗೊತ್ತಾಯ್ತು. ಮಹಾಪ್ರಾಣ ಬರೀ ಪರೀಕ್ಷೆಯಲ್ಲಿ ಅಂಕ ಕಳೆಯೋಕೆ ಇರೋದು ಅಂತ ಅಂದುಕೊಂಡಿದ್ವಿ.

ಅವಳಿಗೆ ಫೋನ್ ಮಾಡಿ ಸಾರಿ ಕೇಳಿದ್ವಿ. ಎರಡು ವಾರ ಬರಲಿಲ್ಲ. ಮೂರನೇ ವಾರ ಬಂದವಳು, ಪ್ರಶ್ನೆ ನಾನೇ ಹಾಕ್ತೀನಿ ಅಂದಳು. ಮೊದಲನೆಯದು: ಚಕ್ರವಾಕ ಎಷ್ಟನೇದು? ಈ ಸಲ ಕನ್ನಡ ಲಿಪಿಯಲ್ಲೇ ಇತ್ತು.

ನಾವು ಧೈರ್ಯವಾಗಿ ಲೆಕ್ಕ ಹಾಕಿದ್ವಿ. ಒತ್ತಕ್ಷರ ಬಂದರೆ ಕೊನೆಯ ವ್ಯಂಜನ ತಗೋಬೇಕು ಅನ್ನೋದು ಸಾಮಾನ್ಯ ನಿಯಮ. ರತ್ನಾಂಗಿ: ರ 2, ತ್ನದಲ್ಲಿ ನ 0, ಅಂದ್ರೆ 02, ಸರಿ. ಧರ್ಮವತಿ: ಧ 9, ರ್ಮದಲ್ಲಿ ಮ 5, ಅಂದ್ರೆ 59, ಅದೂ ಸರಿ. ಹಾಗಾಗಿ ಚಕ್ರ: ಚ 6, ಕ್ರದಲ್ಲಿ ರ 2, 26 ಅಂದ್ವಿ. ತಪ್ಪು! 26 ಚಾರುಕೇಶಿ: ಚ 6, ರ 2. ಹ್ಯಾಶ್ ಟೇಬಲ್‌ನಲ್ಲಿ ಕೊಲಿಷನ್ ಅಂತ ಓದಿದೀವಲ್ಲ, ಥೇಟ್ ಅದೇ. ಚಕ್ರವಾಕದಲ್ಲಿ ಒತ್ತಿನ ಮೊದಲ ವ್ಯಂಜನ ಕ ತಗೋಬೇಕು, ಆಗ 16. ದಿವ್ಯಮಣಿಯೂ ಹಾಗೇ: ಯ ತಗೊಂಡರೆ 18, ಅಲ್ಲಿ ಹಾಟಕಾಂಬರಿ ಕೂತಿದೆ, ವ ತಗೊಂಡರೆ 48, ಅದೇ ಸರಿ. ಒತ್ತು ಕಂಡರೆ ಎರಡೂ ರೀತಿ ಲೆಕ್ಕ ಹಾಕಿ, ಯಾವ ಮನೆ ಖಾಲಿ ಇದೆ ನೋಡಬೇಕು. ಅದಕ್ಕೆ ಪಟ್ಟಿ ಬಾಯಿಗೆ ಬರಬೇಕು. ನಾವು ಸೊನ್ನೆ ಕೊಟ್ಟಿದ್ದ ಬಾಯಿಪಾಠ ಬೇಕಾಗೋದು ಇಲ್ಲೇ. ಅವಳು ಅದನ್ನು ಹೇಳಲಿಲ್ಲ, ನಮಗೇ ಅರ್ಥ ಆಯ್ತು.

ನಂಬರ್ ಸಿಕ್ಕಮೇಲೆ ಸ್ವರ ತೆಗೆಯೋದು ಸುಲಭ. 36ರವರೆಗೆ ಶುದ್ಧ ಮಧ್ಯಮ, ಅದಕ್ಕಿಂತ ಜಾಸ್ತಿ ಇದ್ದರೆ ಪ್ರತಿ ಮಧ್ಯಮ. ಆಗ 36 ಕಳೀರಿ. ಬಂದದ್ದರಲ್ಲಿ 1 ಕಳೆದು 6ರಿಂದ ಭಾಗಿಸಿ. ಭಾಗಲಬ್ಧ ರಿ-ಗ ಜೋಡಿ ಹೇಳುತ್ತೆ, ಶೇಷ ದ-ನಿ ಜೋಡಿ. ಜೋಡಿಗಳ ಕ್ರಮ 0ಯಿಂದ 5: ರಿ1ಗ1, ರಿ1ಗ2, ರಿ1ಗ3, ರಿ2ಗ2, ರಿ2ಗ3, ರಿ3ಗ3. ದ-ನಿಗೂ ಇದೇ ಕ್ರಮ.

ಕಲ್ಯಾಣಿ 65. 36 ಕಳೆದರೆ 29, 1 ಕಳೆದರೆ 28. ಆರರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷವೂ 4. ಅಂದ್ರೆ ರಿ2 ಗ3, ಪ್ರತಿ ಮಧ್ಯಮ, ದ2 ನಿ3. ಮಧ್ಯದಲ್ಲಿ ಬಂದ 29 ನೋಡಿ, ಅದು ಶಂಕರಾಭರಣ. ಮಧ್ಯಮ ಒಂದನ್ನು ಬದಲಾಯಿಸಿದರೆ ಶಂಕರಾಭರಣ ಕಲ್ಯಾಣಿ ಆಗುತ್ತೆ. ಈ ಲೆಕ್ಕ ಮುಗಿದಾಗ ಅವಳು ಮೈಕ್ ಆನ್ ಮಾಡಿ ಎರಡೂ ರಾಗದ ಆರೋಹಣ ಹಾಡಿದಳು. ಸಂಗೀತ ಗೊತ್ತಿಲ್ಲದ ನಮಗೂ ಮ ಬಂದ ಕೂಡಲೇ ವ್ಯತ್ಯಾಸ ಕೇಳಿಸ್ತು. ಪಿಯುಸಿ ಆದಮೇಲೆ ಅವಳು ಬೇರೆಯವರ ಮುಂದೆ ಹಾಡಿದ್ದು ಅದೇ ಮೊದಲಂತೆ.

ಈಗ ಅಜ್ಜಿಯೂ ಗುಂಪಿನಲ್ಲಿದ್ದಾರೆ, ನಾವು ಏಳು ಜನ. ಈ ವಾರ ಅವರು ಹಾಕಿದ ಒಗಟು ಇದು: ವಾಚಸ್ಪತಿಗೂ ಹರಿಕಾಂಭೋಜಿಗೂ ಎಷ್ಟು ಸ್ವರಗಳ ವ್ಯತ್ಯಾಸ? ನೀವೂ ಬಿಡಿಸಿ ನೋಡಿ, ಪೆನ್ನು ಪೇಪರ್ ಸಾಕು. ಗೂಗಲ್ ಮಾಡಬೇಡಿ, ಲೆಕ್ಕ ತೋರಿಸಿ.